ಹೊಸ ಅಪ್ಪನ ಮೊದಲ ತಿಂಗಳುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮಗಳಿಗೆ ಈಗ ಹನ್ನೊಂದು ತಿಂಗಳು. ಅಪ್ಪನಾಗಲಿರುವ ಅಥವಾ ಈಗಷ್ಟೇ ಅಪ್ಪನಾಗಿರುವ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೆಲವನ್ನು ಜೋರಾಗಿ ಕೇಳುತ್ತಾರೆ. ಕೆಲವನ್ನು ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿಕೊಂಡು, ದನಿ ತಗ್ಗಿಸಿ ಕೇಳುತ್ತಾರೆ. ಎರಡೂ ಬಗೆಯವು ಇಲ್ಲಿವೆ. ನಾನು ಡಾಕ್ಟರ್ ಅಲ್ಲ. ಆರೋಗ್ಯದ ಮಾತು ಬಂದ ಕಡೆ ಮಕ್ಕಳ ಡಾಕ್ಟರ್‌ಗಳು ಸಾಮಾನ್ಯವಾಗಿ ಹೇಳುವುದನ್ನೇ ಬರೆದಿದ್ದೇನೆ. ಉಳಿದದ್ದು ನಾನು ಎಡವಿ ಕಲಿತದ್ದು.

ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ನನಗೆ ಏನೂ ಅನ್ನಿಸಲಿಲ್ಲ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?

ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಇಲ್ಲ, ಕೊರತೆ ಏನೂ ಇಲ್ಲ.

ನನಗೂ ಹಾಗೇ ಆಗಿತ್ತು. ಕಣ್ಣಲ್ಲಿ ನೀರು ಬರುತ್ತದೆ, ಎದೆ ತುಂಬಿ ಬರುತ್ತದೆ ಅಂತ ಕಾಯುತ್ತಿದ್ದೆ. ನರ್ಸ್ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಕೈಗಿಟ್ಟರು. ನನ್ನ ತಲೆಯಲ್ಲಿ ಓಡಿದ್ದು ಒಂದೇ ಮಾತು: ಬೀಳಿಸಬಾರದು. ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಹೊತ್ತವಳಿಗೆ ಮಗು ಆಗಲೇ ಪರಿಚಯ. ನನಗೆ ಅವಳು ಅವತ್ತು ಭೇಟಿಯಾದ ಅಪರಿಚಿತೆ. ಮುಖ ಕೂಡ ಯಾರನ್ನೂ ಹೋಲುತ್ತಿರಲಿಲ್ಲ, ಸ್ವಲ್ಪ ಊದಿತ್ತು, ತಲೆ ಒಂಚೂರು ಸೊಟ್ಟಗಿತ್ತು.

ಪ್ರೀತಿ ಕೈಯಿಂದ ಶುರುವಾಗುತ್ತದೆ ಅಂತ ನನಗೆ ಆಮೇಲೆ ಅನ್ನಿಸಿತು. ಒರೆಸಿ, ಎತ್ತಿ, ತಟ್ಟಿ, ಮತ್ತೆ ಒರೆಸಿ, ಹೀಗೆ ಮಾಡುತ್ತಾ ಯಾವತ್ತೋ ಒಂದು ದಿನ ಅದು ಬಂದಿರುತ್ತದೆ. ಬಂದ ದಿನಾಂಕ ಗೊತ್ತಾಗುವುದಿಲ್ಲ. ಮೈ ಕೂಡ ಜೊತೆಗೆ ಬದಲಾಗುತ್ತದೆ. 2011ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಒಂದು ಅಧ್ಯಯನದಲ್ಲಿ, ಅಪ್ಪಂದಿರಾದ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನಿನ ಮಟ್ಟ ಇಳಿದದ್ದು ಕಂಡುಬಂತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಅಂದರೆ ಅಪ್ಪನಾಗುವುದು ಬರೀ ಮನಸ್ಸಿನ ಮಾತಲ್ಲ.

ಎತ್ತಿಕೊಳ್ಳುವುದಕ್ಕೇ ಭಯ. ಕತ್ತು ಮುರಿದು ಹೋದರೆ?

ಒಂದು ಅಂಗೈ ತಲೆ ಮತ್ತು ಕತ್ತಿನ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ. ಇಷ್ಟು ಸರಿಯಾಗಿದ್ದರೆ ಉಳಿದದ್ದು ಅಭ್ಯಾಸ. ನೆತ್ತಿಯ ಮೇಲಿನ ಮೆತ್ತನೆ ಜಾಗ ಮುಟ್ಟುವುದಕ್ಕೂ ನಾನು ಹೆದರುತ್ತಿದ್ದೆ. ಅಲ್ಲಿ ಗಟ್ಟಿ ಪೊರೆ ಇರುತ್ತದೆ, ಮೃದುವಾಗಿ ಸವರಿದರೆ ಏನೂ ಆಗುವುದಿಲ್ಲ. ಅದು ಪೂರ್ತಿ ಮುಚ್ಚಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು.

ಅಂಗಿ ಬಿಚ್ಚಿ, ಡೈಪರ್ ಮಾತ್ರ ಹಾಕಿದ ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿಕೊಳ್ಳಿ. ಮೇಲೊಂದು ಬಟ್ಟೆ ಹೊದಿಸಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ತೂಕ ಕಡಿಮೆ ಇರುವ ಮಕ್ಕಳನ್ನು ಹೀಗೆ ಮೈಗೆ ಮೈ ತಾಗಿಸಿ ಬೆಚ್ಚಗಿಡುವ ಪದ್ಧತಿ ಶುರುವಾಯಿತು. ಅದನ್ನೇ ಕಾಂಗರೂ ಆರೈಕೆ ಅನ್ನುತ್ತಾರೆ. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಒಂದೇ ಎಚ್ಚರ: ಹಾಗೆ ಮಲಗಿಸಿಕೊಂಡು ನೀವು ಸೋಫಾದಲ್ಲಿ ನಿದ್ದೆ ಹೋಗಬಾರದು. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ಅದರ ಜಾಗಕ್ಕೆ ಕಳಿಸಿ.

ಹಾಲು ಕುಡಿಸುವುದು ತಾಯಿ. ಹಾಗಾದರೆ ನನಗೇನು ಕೆಲಸ?

ಮೊದಲ ವಾರ ನಾನು ಮನೆಯಲ್ಲಿ ದಾರಿಗೆ ಅಡ್ಡ ನಿಂತ ಕುರ್ಚಿಯ ಹಾಗೆ ಇದ್ದೆ. ಮಗು ಅತ್ತರೆ ಅವಳ ಕೈಗೆ ಕೊಡುವುದು, ಸುಮ್ಮನಾದರೆ ನೋಡುತ್ತಾ ನಿಲ್ಲುವುದು. ಆಮೇಲೆ ಲೆಕ್ಕ ಹಾಕಿದೆ. ಎಳೆ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದೊಂದು ಸಲಕ್ಕೂ ಹಿಂದೆ ಮುಂದೆ ಕೆಲಸಗಳಿವೆ. ಎತ್ತಿ ತಂದುಕೊಡುವುದು, ಅವಳ ಬೆನ್ನಿಗೆ ದಿಂಬು ಇಡುವುದು, ಕೈಗೆ ನೀರಿನ ಲೋಟ ಎಟುಕುವ ಹಾಗೆ ಮಾಡುವುದು, ಕುಡಿದಾದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಡೈಪರ್ ನೋಡುವುದು, ಮಲಗಿಸುವುದು. ಹಾಲು ಒಂದನ್ನು ಬಿಟ್ಟು ಉಳಿದದ್ದೆಲ್ಲ ನಾನೇ ಮಾಡಬಹುದಿತ್ತು.

ತೇಗು ಬರಿಸುವುದು ನನ್ನ ಇಲಾಖೆಯಾಯಿತು. ಇದರಲ್ಲಿ ನಾನು ಮನೆಯಲ್ಲೇ ನಂಬರ್ ಒನ್. ಹೆಗಲ ಮೇಲೆ ಒಂದು ಬಟ್ಟೆ ಇರಲಿ. ಇಲ್ಲದಿದ್ದರೆ ಬೆನ್ನಿನ ಮೇಲೆ ಹುಳಿ ಹಾಲಿನ ಗೆರೆ ಇಟ್ಟುಕೊಂಡೇ ಆಫೀಸಿಗೆ ಹೋಗುತ್ತೀರಿ. ನಾನು ಹೋಗಿದ್ದೇನೆ.

ಹಿಂಡಿ ತೆಗೆದ ಎದೆಹಾಲನ್ನು ಅಪ್ಪ ಕುಡಿಸಬಹುದು. ಅದು 25 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಡ್ಜ್‌ನಲ್ಲಿ 4 ದಿನ ಇರುತ್ತದೆ. ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಕಾಯುತ್ತದೆ. ಪುಡಿ ಹಾಲು ಕೊಡುವ ಮನೆಯಲ್ಲಿ ಈ ಕೆಲಸದ ಅರ್ಧ ನಿಮ್ಮದೇ ಅಂತ ಬೇರೆ ಹೇಳಬೇಕಿಲ್ಲ. ಡಬ್ಬಿಯ ಮೇಲಿನ ಅಳತೆ ಬಿಟ್ಟು ಒಂದು ಚಮಚವೂ ಆಚೀಚೆ ಬೇಡ.

ಹೊಟ್ಟೆ ತುಂಬುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೇಲಿನಿಂದ ಹೋದದ್ದು ಕಾಣಿಸುವುದಿಲ್ಲ, ಕೆಳಗಿನಿಂದ ಬಂದದ್ದನ್ನು ಎಣಿಸಿ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಒದ್ದೆ ಡೈಪರ್ ಆಗುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಕಾಗುತ್ತಿದೆ ಅಂತ ಅರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ತಕ್ಕಡಿ ನೋಡಿ ಎದೆ ಧಸಕ್ಕೆನ್ನುತ್ತದೆ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬಂದರೆ ಸರಿ. ಮೊದಲ ಆರು ತಿಂಗಳು ನೀರು ಬೇಡ, ಒಂದು ಹನಿಯೂ. ಅದಕ್ಕೆ ಬೇಕಾದ ನೀರು ಹಾಲಿನಲ್ಲೇ ಇರುತ್ತದೆ.

ಡೈಪರ್ ಬದಲಿಸುವುದು ಅಷ್ಟು ಕಷ್ಟವಾ?

ಕಷ್ಟವಲ್ಲ. ಆದರೆ ಬಣ್ಣ ನೋಡಿ ಗಾಬರಿಯಾಗಬೇಡಿ. ಮೊದಲ ದಿನದ್ದು ಡಾಂಬರಿನ ಹಾಗೆ ಕಪ್ಪು, ಅಂಟು. ಆಮೇಲೆ ಹಸಿರು ಮಿಶ್ರಿತ. ನಾಲ್ಕೈದು ದಿನಕ್ಕೆ, ಎದೆಹಾಲು ಕುಡಿಯುವ ಮಗುವಾದರೆ, ಸಾಸಿವೆ ಬಣ್ಣ. ಒಂದೂವರೆ ತಿಂಗಳಾದ ಮೇಲೆ ಇಂಥ ಮಕ್ಕಳು ಕೆಲವೊಮ್ಮೆ ಎಷ್ಟೋ ದಿನ ಕಕ್ಕ ಮಾಡುವುದೇ ಇಲ್ಲ. ಮಗು ಚೆನ್ನಾಗಿ ಕುಡಿಯುತ್ತಾ ಆಡುತ್ತಾ ಇದ್ದರೆ ಅದೂ ಸಹಜವೇ. ನಮ್ಮವಳು ಐದು ದಿನ ಸುಮ್ಮನಿದ್ದು ಆರನೇ ದಿನ ಬಾಕಿ ತೀರಿಸಿದಳು. ವಿವರ ಬೇಡ.

ಹೊಸ ಡೈಪರ್ ಬಿಚ್ಚಿ ಕೆಳಗೆ ಹಾಸಿಟ್ಟ ಮೇಲೇ ಹಳೆಯದನ್ನು ತೆಗೆಯಿರಿ. ಹೆಣ್ಣು ಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಿ. ಗಂಡು ಮಗುವಾದರೆ ಕಾರಂಜಿಗೆ ಒಂದು ಬಟ್ಟೆ ಅಡ್ಡ ಹಿಡಿಯಿರಿ. ಎತ್ತರದ ಮೇಜಿನ ಮೇಲೆ ಬದಲಿಸುತ್ತಿದ್ದರೆ ಒಂದು ಕೈ ಯಾವಾಗಲೂ ಮಗುವಿನ ಮೇಲಿರಲಿ. ಇವತ್ತಿನ ತನಕ ಉರುಳದ ಮಗು ನೀವು ಕ್ರೀಮ್ ತೆಗೆದುಕೊಳ್ಳಲು ತಿರುಗಿದಾಗಲೇ ಮೊದಲ ಸಲ ಉರುಳುತ್ತದೆ.

ಏನು ಮಾಡಿದರೂ ಅಳು ನಿಲ್ಲುವುದಿಲ್ಲ. ನಾನು ಏನು ತಪ್ಪು ಮಾಡುತ್ತಿದ್ದೇನೆ?

ಬಹುಶಃ ಏನೂ ಇಲ್ಲ. ಇದನ್ನು ನಂಬುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಎಳೆ ಮಕ್ಕಳ ಅಳುವಿಗೆ ಒಂದು ಏರಿಳಿತ ಇದೆ. ಎರಡನೇ ವಾರದ ಹೊತ್ತಿಗೆ ಜಾಸ್ತಿಯಾಗುತ್ತಾ ಹೋಗುತ್ತದೆ, ಆರನೇ ವಾರದ ಸುಮಾರಿಗೆ ತುತ್ತತುದಿ ಮುಟ್ಟುತ್ತದೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆ ಹೊತ್ತು ಹೆಚ್ಚು. ಹೊಟ್ಟೆ ತುಂಬಿರುತ್ತದೆ, ಡೈಪರ್ ಒಣಗಿರುತ್ತದೆ, ಜ್ವರ ಇರುವುದಿಲ್ಲ, ಆದರೂ ಮುಖ ಕೆಂಪಗೆ ಮಾಡಿಕೊಂಡು, ಕಾಲು ಮಡಚಿಕೊಂಡು ಅಳು. ದಿನಕ್ಕೆ ಮೂರು ಗಂಟೆ, ವಾರಕ್ಕೆ ಮೂರು ದಿನ ಮೀರಿದರೆ ಅದನ್ನು ಕೋಲಿಕ್ ಅನ್ನುವುದು ಹಳೆಯ ಲೆಕ್ಕ. ಹೆಸರಿಟ್ಟ ಮಾತ್ರಕ್ಕೆ ಅಳು ನಿಲ್ಲುವುದಿಲ್ಲ ಅನ್ನಿ.

ನಾನು ಮಾಡುತ್ತಿದ್ದದ್ದು ಹೀಗೆ. ಮೊದಲು ಹಸಿವು, ಒದ್ದೆ, ಸೆಕೆ, ಚಳಿ ನೋಡುವುದು. ಬೆರಳಿಗೋ ಕಾಲಿಗೋ ಕೂದಲು, ದಾರ ಸುತ್ತಿಕೊಂಡಿದೆಯಾ ನೋಡುವುದು, ಇದು ಅಪರೂಪವಾದರೂ ನಿಜಕ್ಕೂ ಆಗುತ್ತದೆ. ಆಮೇಲೆ ಎದೆಗೆ ಒತ್ತಿಕೊಂಡು ನಡೆಯುವುದು. ಕಿವಿಯ ಹತ್ತಿರ ಶ್ ಶ್ ಅನ್ನುವುದು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸುವುದು. ಜೋಗುಳ ಬಾರದ ನಾನು ಮಗ್ಗಿ ಹೇಳುತ್ತಿದ್ದೆ. ಹದಿನೇಳರ ಮಗ್ಗಿ ಅವಳಿಗೆ ಹಿಡಿಸುತ್ತಿತ್ತು, ಯಾಕೋ ಗೊತ್ತಿಲ್ಲ. ಒಂದು ದಿನ ಕೆಲಸ ಮಾಡಿದ ಉಪಾಯ ಮರುದಿನ ಕೈಕೊಡುತ್ತದೆ. ಅದಕ್ಕೆ ನಾಲ್ಕೈದು ಕೈಯಲ್ಲಿರಬೇಕು.

ಒಂದು ರಾತ್ರಿ ನನ್ನ ತಾಳ್ಮೆ ಪೂರ್ತಿ ಕಿತ್ತುಹೋಗಿತ್ತು. ಹಲ್ಲು ಕಚ್ಚಿಕೊಂಡಿದ್ದೆ, ಅವಳನ್ನು ಹಿಡಿದ ಕೈ ಬಿಗಿಯಾಗುತ್ತಿತ್ತು. ಅದು ಗೊತ್ತಾದ ಕ್ಷಣ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ಐದು ನಿಮಿಷ ನೆಲದ ಮೇಲೆ ಕೂತೆ. ಅವಳು ಅಳುತ್ತಲೇ ಇದ್ದಳು. ಐದು ಹತ್ತು ನಿಮಿಷ ತೊಟ್ಟಿಲಲ್ಲಿ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಸಿಟ್ಟಿನಲ್ಲಿ ಕೆಲವೇ ಸೆಕೆಂಡು ಜೋರಾಗಿ ಅಲುಗಾಡಿಸಿದರೂ ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣ ಹೋಗಬಹುದು. ಯಾವ ಕಾರಣಕ್ಕೂ ಮಗುವನ್ನು ಅಲುಗಾಡಿಸಬೇಡಿ. ಮಗುವನ್ನು ನೋಡಿಕೊಳ್ಳುವ ಬೇರೆಯವರಿಗೂ ಮುಜುಗರ ಬಿಟ್ಟು ಇದನ್ನು ಹೇಳಿ.

ತೋಳಿನಲ್ಲಿ ಗಾಢ ನಿದ್ದೆ, ಹಾಸಿಗೆಗೆ ಹಾಕಿದ ತಕ್ಷಣ ಕಣ್ಣು ಬಿಡುತ್ತದೆ. ಯಾಕೆ?

ಇದಕ್ಕೆ ಜಪಾನಿನ ಸಂಶೋಧಕರೇ ಉತ್ತರ ಹುಡುಕಿದ್ದಾರೆ. 2022ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಹದದಲ್ಲಿ ನಡೆಯಬೇಕು. ನಿದ್ದೆ ಬಂದ ಮೇಲೆ ತಕ್ಷಣ ಮಲಗಿಸದೆ, ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಕೂತಿರಬೇಕು. ಆಮೇಲೆ ಹಾಸಿಗೆಗೆ. ಮಗುವನ್ನು ಎಬ್ಬಿಸುವುದು ಹಾಸಿಗೆ ತಗುಲಿದ್ದಲ್ಲ, ಅಪ್ಪಿಕೊಂಡ ಮೈಯಿಂದ ಬೇರೆಯಾಗುವ ಆ ಗಳಿಗೆ. ಎದೆಬಡಿತ ಬದಲಾಗುವುದು ಆಗಲೇ ಅಂತೆ.

ನಾನು ಮಾಡಿ ನೋಡಿದೆ. ಎರಡಕ್ಕೆ ಒಂದು ಸಲ ಫಲ ಕೊಟ್ಟಿತು. ಉಳಿದ ಸಲ ನಾನು ಬೆಕ್ಕಿನ ಹೆಜ್ಜೆಯಲ್ಲಿ ಬಾಗಿಲ ತನಕ ಹೋದಾಗ ಮೊಣಕಾಲು ಲಟಕ್ಕೆಂದು ಕೈಕೊಟ್ಟಿತು.

ರಾತ್ರಿ ನಿದ್ದೆ ಯಾವಾಗ ಸಿಗುತ್ತದೆ?

ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ ಅಂತ ಓದಿ ನಾನು ಖುಷಿಪಟ್ಟಿದ್ದೆ. ಅದು ತುಂಡು ತುಂಡು ನಿದ್ದೆ ಅಂತ ಹೊಳೆದಿರಲಿಲ್ಲ. ಎರಡು ಗಂಟೆ, ಮೂರು ಗಂಟೆ, ಮತ್ತೆ ಹಸಿವು. ಹಗಲು ರಾತ್ರಿಯ ವ್ಯತ್ಯಾಸ ಅದರ ಮೈಗೆ ಗೊತ್ತಾಗಲು ಎರಡು ಮೂರು ತಿಂಗಳು ಬೇಕು. ಹಗಲು ಕಿಟಕಿ ತೆರೆದು ಬೆಳಕು ಬಿಡಿ, ಮಾತಾಡಿಸಿ. ರಾತ್ರಿ ಮಂದ ದೀಪ, ಮಾತು ಕಡಿಮೆ.

ಇಬ್ಬರೂ ಪ್ರತಿ ಸಲ ಎದ್ದು ಕೂರುವುದು ತ್ಯಾಗವಲ್ಲ, ದಡ್ಡತನ. ನಾವು ಪಾಳಿ ಮಾಡಿಕೊಂಡೆವು. ರಾತ್ರಿ ಒಂಬತ್ತರಿಂದ ಒಂದೂವರೆ ನನ್ನದು. ಆ ಹೊತ್ತಿನಲ್ಲಿ ಮಗು ಹಸಿದರೆ ಹಿಂಡಿಟ್ಟ ಹಾಲು ಕುಡಿಸುತ್ತಿದ್ದೆ, ಇಲ್ಲವಾದರೆ ಅವಳ ಹತ್ತಿರ ಒಯ್ದು ಕುಡಿಸಿ ವಾಪಸ್ ತರುತ್ತಿದ್ದೆ. ಒಬ್ಬರಿಗೆ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಸಿಕ್ಕರೆ ಮನೆಯ ಹವಾಮಾನವೇ ಬೇರೆ. ನಿದ್ದೆಗೆಟ್ಟ ದಿನ ಗಾಡಿ ಓಡಿಸಬೇಡಿ. ನಾನು ಒಮ್ಮೆ ಸಿಗ್ನಲ್‌ನಲ್ಲಿ ತೂಕಡಿಸಿದೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಎಬ್ಬಿಸಿದರು.

ಹೇಗೆ ಮಲಗಿಸಬೇಕು?

ಪ್ರತಿ ಸಲವೂ ಅಂಗಾತ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಬೇಡ. ನಿಮ್ಮ ಕೋಣೆಯಲ್ಲೇ, ಆದರೆ ಅದರದ್ದೇ ಹಾಸಿಗೆಯಲ್ಲಿ. ಹತ್ತಿರ ಯಾರೂ ಸಿಗರೇಟು ಸೇದಬಾರದು. ನಿದ್ದೆಯಲ್ಲೇ ಹಠಾತ್ತನೆ ಮಕ್ಕಳು ಸಾಯುವ ಅಪಾಯವನ್ನು ಇಷ್ಟು ಸರಳ ಸಂಗತಿಗಳು ಕಡಿಮೆ ಮಾಡುತ್ತವೆ. ಬೋರಲು ಹಾಕುವುದು ಎಚ್ಚರವಿದ್ದಾಗ, ನೀವು ಎದುರಿಗೇ ಇದ್ದಾಗ. ಕತ್ತು ಗಟ್ಟಿಯಾಗಲು ಅದೂ ಬೇಕು.

ಉಸಿರಾಡುತ್ತಿದೆಯಾ ಅಂತ ಹತ್ತು ಸಲ ಎದ್ದು ನೋಡುತ್ತೇನೆ. ನನಗೆ ಹುಚ್ಚಾ?

ಎಲ್ಲರೂ ನೋಡುತ್ತಾರೆ, ಒಪ್ಪಿಕೊಳ್ಳುವವರು ಕಡಿಮೆ. ಎಳೆ ಮಗುವಿನ ಉಸಿರು ಗಡಿಯಾರದ ಹಾಗೆ ಇರುವುದಿಲ್ಲ. ಬೇಗ ಬೇಗ ಉಸಿರಾಡಿ, ಕೆಲವು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತದೆ. ಆ ಕೆಲವು ಸೆಕೆಂಡಿನಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ನಿದ್ದೆಯ ಅರ್ಧದಷ್ಟು ಹೊತ್ತು ಮಕ್ಕಳು ಮುಲುಗುವುದು, ಮುಖ ಕಿವುಚುವುದು, ಕೈಕಾಲು ಆಡಿಸುವುದು ಎಲ್ಲ ಮಾಡುತ್ತಾರೆ. ಅದು ಎಚ್ಚರವಲ್ಲ. ನಾನು ಸದ್ದು ಕೇಳಿದ ಕೂಡಲೇ ಎತ್ತಿಕೊಂಡು, ಮಲಗಿದ್ದ ಮಗುವನ್ನು ನಾನೇ ಎಬ್ಬಿಸುತ್ತಿದ್ದೆ. ಒಂದು ನಿಮಿಷ ಕಾಯಿರಿ.

ಆದರೆ ಉಸಿರಾಟ 15–20 ಸೆಕೆಂಡು ನಿಂತರೆ, ತುಟಿ ನೀಲಿಯಾದರೆ, ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಂಡರೆ ಅದು ಬೇರೆ ಮಾತು. ಆಗ ಆಸ್ಪತ್ರೆಗೆ ಓಡಿ.

ಬಿಕ್ಕಳಿಕೆ, ಸೀನು, ಬೆಚ್ಚಿ ಬೀಳುವುದು?

ಸಾಮಾನ್ಯವಾಗಿ ಮೂರೂ ಸಹಜ. ಅಳುವಾಗ ಕಣ್ಣೀರು ಬರದಿದ್ದರೂ ಮೊದಲ ವಾರಗಳಲ್ಲಿ ಸಹಜವೇ. ಹೊಕ್ಕುಳ ಬಳ್ಳಿಯ ತುಂಡು ಒಂದರಿಂದ ಮೂರು ವಾರದಲ್ಲಿ ತಾನೇ ಉದುರುತ್ತದೆ. ಅದನ್ನು ಒಣಗಿಸಿಡಿ, ಎಳೆಯಬೇಡಿ, ಏನೂ ಹಚ್ಚಬೇಡಿ.

ಹಾಗಾದರೆ ಡಾಕ್ಟರ್ ಹತ್ತಿರ ಓಡಬೇಕಾದದ್ದು ಯಾವಾಗ?

ಮೂರು ತಿಂಗಳೊಳಗಿನ ಮಗುವಿಗೆ ಮೈಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗುವ ತನಕ ಕಾಯಬೇಡಿ, ಸಿರಪ್ ಹಾಕಿ ನೋಡೋಣ ಅನ್ನಬೇಡಿ. ಹಾಲು ಕುಡಿಯಲು ಏಳದಷ್ಟು ಮಂಪರು, ಒದ್ದೆ ಡೈಪರ್ ತೀರಾ ಕಡಿಮೆಯಾಗುವುದು, ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ನೆತ್ತಿ ಒಳಕ್ಕೆ ಕುಸಿದಿರುವುದು ಅಥವಾ ಉಬ್ಬಿರುವುದು, ಇವೂ ಹಾಗೆಯೇ. ಎರಡು ಮೂರನೇ ದಿನ ಮೈ ಸ್ವಲ್ಪ ಹಳದಿಯಾಗುವುದು ತುಂಬ ಮಕ್ಕಳಲ್ಲಿ ಕಾಣುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೇ ಹಳದಿಯಾದರೆ, ಅಥವಾ ಹಳದಿ ಕಾಲಿನ ತನಕ ಇಳಿದರೆ ತೋರಿಸಲೇಬೇಕು. ಬಿಸಿಲಿಗೆ ಹಿಡಿಯುವುದು ಅದಕ್ಕೆ ಚಿಕಿತ್ಸೆ ಅಲ್ಲ.

ಸುಮ್ನೆ ಹೋಗಿ ಡಾಕ್ಟರ್ ಕೈಲಿ ನಗಿಸಿಕೊಂಡು ಬಂದರೂ ನಷ್ಟವಿಲ್ಲ. ನಾನು ಒಮ್ಮೆ ಬಿಕ್ಕಳಿಕೆಗೆ ಹೋಗಿದ್ದೆ.

ಏನೇನು ಕೊಂಡಿಡಬೇಕು?

ಕೂಸು ಹುಟ್ಟುವ ಮುಂಚೆ ಕುಲಾವಿ ಅಂದ ಹಾಗೆ ನಾವೂ ರಾಶಿ ಹಾಕಿದ್ದೆವು. ನಿಜವಾಗಿ ಕೈಗೆ ಬಂದದ್ದು: ಡೈಪರ್, ಮೆತ್ತನೆ ಬಟ್ಟೆಗಳು, ಥರ್ಮಾಮೀಟರ್, ಉಗುರು ಕತ್ತರಿ. ಪುಟ್ಟ ಶೂಗಳನ್ನು ಅವಳು ಒಂದೇ ಒಂದು ದಿನವೂ ಹಾಕಲಿಲ್ಲ.

ಹೆಂಡತಿ ಕಾರಣವಿಲ್ಲದೆ ಅಳುತ್ತಾಳೆ. ಏನು ಹೇಳಲಿ?

ಹೆರಿಗೆಯಾದ ಮೊದಲ ಒಂದೆರಡು ವಾರ ಹಾಗಾಗುವುದು ಸಾಮಾನ್ಯ. ಹಾರ್ಮೋನು ಒಮ್ಮೆಲೇ ಇಳಿದಿರುತ್ತದೆ, ನಿದ್ದೆ ಇಲ್ಲ, ಮೈಯೆಲ್ಲ ನೋವು. ಕಾರಣವಿಲ್ಲ ಅಂತ ಹೇಗೆ ಹೇಳುತ್ತೀರಿ? ಪರಿಹಾರ ಹೇಳುವುದಕ್ಕಿಂತ ಪಕ್ಕದಲ್ಲಿ ಕೂತುಕೊಳ್ಳಿ. ಪಾತ್ರೆ ತೊಳೆಯಿರಿ. ನೋಡಲು ಬಂದವರನ್ನು ಹೊರಡಿಸುವ ನಿಷ್ಠುರ ನಿಮಗಿರಲಿ, ಅವಳಿಗೆ ಬೇಡ.

ಎರಡು ವಾರ ಕಳೆದರೂ ದುಃಖ ಹೋಗದಿದ್ದರೆ, ಮಗುವಿನ ಮೇಲೂ ಆಸೆ ಇಲ್ಲದಂತಾದರೆ, ಮಗು ಮಲಗಿದಾಗಲೂ ನಿದ್ದೆ ಬರದಿದ್ದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ ನೀವೇ ಕರೆದುಕೊಂಡು ಹೋಗಿ. ಸಾಯುವ ಮಾತು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಮಾತು ಬಂದರೆ ಅವತ್ತೇ, ಆಗಲೇ. ಒಂಟಿಯಾಗಿ ಬಿಡಬೇಡಿ.

ಖಿನ್ನತೆ ಅಪ್ಪನಿಗೂ ಬರುತ್ತದಾ?

ಬರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬ ಅಪ್ಪನಿಗೆ. ಮಗುವಿಗೆ ಮೂರರಿಂದ ಆರು ತಿಂಗಳಾದಾಗ ಹೆಚ್ಚು. ಗಂಡಸರಲ್ಲಿ ಅದು ಅಳುವಾಗಿ ಕಾಣದೆ ಸಿಡುಕಾಗಿ, ಕುಡಿತವಾಗಿ, ರಾತ್ರಿ ಹತ್ತಾದರೂ ಆಫೀಸು ಬಿಡದ ಚಟವಾಗಿ ಕಾಣಬಹುದು. ನನ್ನ ಒಬ್ಬ ಗೆಳೆಯ ಮನೆ ಮುಂದೆ ಗಾಡಿ ನಿಲ್ಲಿಸಿ, ಒಳಗೆ ಹೋಗಲಾಗದೆ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದ. ಸೋಮಾರಿತನ ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದ. ಅವನು ಡಾಕ್ಟರ್ ಹತ್ತಿರ ಹೋಗಿದ್ದು ಐದು ತಿಂಗಳಾದ ಮೇಲೆ. ನೀವು ಅಷ್ಟು ಕಾಯಬೇಡಿ.

ನಾವಿಬ್ಬರೂ ಎಂದೂ ಇಷ್ಟು ಜಗಳ ಆಡಿರಲಿಲ್ಲ.

ರಾತ್ರಿ ಎರಡು ಗಂಟೆಗೆ ಆಡಿದ ಮಾತಿಗೆ ಬೆಳಗ್ಗೆ ಬೆಲೆ ಇಲ್ಲ ಅಂತ ನಾವು ಒಪ್ಪಂದ ಮಾಡಿಕೊಂಡಿದ್ದೆವು. ಅರ್ಧ ಜಗಳ ಅಲ್ಲೇ ಮುಗಿಯಿತು. ಇನ್ನರ್ಧ ಯಾಕೆ ಅಂತ ತಿಳಿದದ್ದು ಆಮೇಲೆ. 'ನಿನಗೆ ಸಹಾಯ ಮಾಡಲಾ?' ಅಂತ ನಾನು ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಸಹಾಯ ಅಂದರೆ ಕೆಲಸ ಅವಳದ್ದು, ನಾನು ಬಂದುಹೋಗುವ ಕೈ ಅಂತ ಅಲ್ವಾ? ಡೈಪರ್ ಮುಗಿಯುತ್ತಿದೆ, ಲಸಿಕೆ ಯಾವತ್ತು, ಉಗುರು ಬೆಳೆದಿದೆ, ಇದೆಲ್ಲ ನೆನಪಿಡುವ ತಲೆನೋವೂ ಕೆಲಸವೇ. ಉಗುರು, ಸ್ನಾನ, ಲಸಿಕೆ ಮೂರನ್ನು ನಾನು ಪೂರ್ತಿ ವಹಿಸಿಕೊಂಡೆ. ಅವಳು ನೆನಪಿಸುವ ಹಾಗಿರಲಿಲ್ಲ, ನಾನು ಮಾಡಿದ ರೀತಿ ಸರಿಯಿಲ್ಲ ಅನ್ನುವ ಹಾಗೂ ಇರಲಿಲ್ಲ. ಎರಡನೆಯದು ಅವಳಿಗೆ ಸ್ವಲ್ಪ ಕಷ್ಟವಾಯಿತು.

ಉಗುರು ಮಗು ಮಲಗಿದಾಗ ಕತ್ತರಿಸಿ. ಸ್ನಾನದ ನೀರು ಸುಮಾರು 37 ಡಿಗ್ರಿ, ಮೊಣಕೈ ಅದ್ದಿದರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು.

ಕೆಲಸಕ್ಕೆ ವಾಪಸ್ ಹೋದ ಮೇಲೆ ಮಗು ನನ್ನನ್ನು ಮರೆಯುತ್ತದಾ?

ಮರೆಯುವುದಿಲ್ಲ. ದಿನದಲ್ಲಿ ಒಂದು ಹೊತ್ತು ನಿಮ್ಮದೇ ಅಂತ ಇರಲಿ. ನನ್ನದು ಸಂಜೆಯ ಸ್ನಾನ. ಫೋನ್ ಬೇರೆ ಕೋಣೆಯಲ್ಲಿ.

ಮಗು ನನ್ನನ್ನು ನೋಡಿ ನಗುವುದು ಯಾವಾಗ?

ಮೊದಲ ವಾರಗಳ ನಗು ನಿದ್ದೆಯಲ್ಲಿ ತಾನಾಗಿ ಬಂದುಹೋಗುವಂಥದ್ದು. ನಿಜವಾಗಿ ಮುಖ ನೋಡಿ ನಗುವುದು ಆರರಿಂದ ಎಂಟು ವಾರಕ್ಕೆ. ಹುಟ್ಟಿದ ಮಗುವಿಗೆ 20–30 ಸೆಂಟಿಮೀಟರ್ ದೂರದ್ದು ಮಾತ್ರ ಸುಮಾರಾಗಿ ಸ್ಪಷ್ಟ. ಎತ್ತಿಕೊಂಡವರ ಮುಖ ಇರುವುದೂ ಅಷ್ಟೇ ದೂರದಲ್ಲಿ. ಅದಕ್ಕೆ ಹತ್ತಿರ ಬಾಗಿ ಮಾತಾಡಿಸಿ.

ನಾನು ಆರನೇ ವಾರದಿಂದ ಕ್ಯಾಮೆರಾ ಹಿಡಿದು ಕಾದಿದ್ದೆ. ಅವಳು ಮೊದಲು ನಕ್ಕಿದ್ದು ತಿರುಗುತ್ತಿದ್ದ ಫ್ಯಾನ್ ನೋಡಿ. ಮೂರು ದಿನ ಬಿಟ್ಟು ನನ್ನ ಸರದಿ ಬಂತು. ಬೆಳಗಿನ ಜಾವ ನಾಲ್ಕು ಗಂಟೆ, ಎರಡು ಕೈಯಲ್ಲೂ ಹೊಲಸು, ಕ್ಯಾಮೆರಾ ಎಲ್ಲಿತ್ತೋ ಏನೋ.